ಲಿಪ್‌ಸ್ಟಿಕ್ಕಿನೊಳಗೊಂದು ಲೇಸರ್: ‘ಟೋಟಲಿ ಸ್ಪೈಸ್’ ಹಳತಾಗದೆ ಉಳಿದದ್ದು ಹೇಗೆ?

ಸುಮಾರು ಹತ್ತು ವರ್ಷ ಸದ್ದಿಲ್ಲದೆ ಕುಳಿತಿದ್ದ ಒಂದು ಕಾರ್ಟೂನ್ ಸರಣಿ 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ‘ಗುಲ್ಲಿ’ ಎಂಬ ಮಕ್ಕಳ ವಾಹಿನಿಯಲ್ಲಿ ಹೊಸ ಸೀಸನ್ನಿನೊಂದಿಗೆ ಮರಳಿತು. ಹೆಸರು ‘ಟೋಟಲಿ ಸ್ಪೈಸ್’. ಹದಿಹರೆಯದ ಮೂವರು ಗೆಳತಿಯರು ಓದಿನ ನಡುವೆ ಗುಟ್ಟಾಗಿ ಗೂಢಚಾರಿಕೆ ಮಾಡುವ ಕಥೆ ಇದು. ಅದೇ ವರ್ಷ ಈ ಮೂವರನ್ನು ನಾಯಕಿಯರನ್ನಾಗಿ ಇಟ್ಟುಕೊಂಡ ವಿಡಿಯೊ ಗೇಮ್ ಕೂಡ ಮಾರುಕಟ್ಟೆಗೆ ಬಂತು. ಮೊದಲ ಸೀಸನ್ ಬಂದಾಗ ಶಾಲೆಗೆ ಹೋಗುತ್ತಿದ್ದವರು ಈಗ ಮೂವತ್ತು ದಾಟಿದ್ದಾರೆ. ಅವರಲ್ಲಿ ಹಲವರು ಹಸಿರು, ಕೆಂಪು, ಹಳದಿ ಉಡುಪು ತೊಟ್ಟು ಗೆಳತಿಯರ ಜೊತೆ ತೆಗೆಸಿಕೊಂಡ ಚಿತ್ರಗಳನ್ನು ಜಾಲತಾಣಗಳಲ್ಲಿ ಹಾಕುತ್ತಿದ್ದಾರೆ. ಆ ಬಣ್ಣಗಳ ಅರ್ಥವೇನು, ಇದರಲ್ಲಿ ಅಂಥದ್ದೇನಿದೆ ಎಂದು ಸರಣಿಯನ್ನು ನೋಡದವರಿಗೆ ಅನ್ನಿಸುವುದು ಸಹಜ.

ಕಥೆಯ ಆಳಕ್ಕಾಗಿ ಇದನ್ನು ಯಾರೂ ನೆನಪಿಟ್ಟುಕೊಂಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಉಳಿದಿರುವುದು ಅದರ ಶೈಲಿ. ಆ ಶೈಲಿಯ ಬಹುಪಾಲು ಹುಟ್ಟಿದ್ದು ಹಣ, ಸಮಯ ಮತ್ತು ಮಾರುಕಟ್ಟೆಯ ಇಕ್ಕಟ್ಟುಗಳಲ್ಲಿ. ಎಲ್ಲಿ ಧಾರಾಳವಾಗಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬ ಲೆಕ್ಕಾಚಾರವೇ ಇಲ್ಲಿ ಚೆಲುವಾಗಿ ಮಾರ್ಪಟ್ಟಿದೆ.

## ಕಥೆ ಇಷ್ಟೇ

ಸ್ಯಾಮ್, ಕ್ಲೋವರ್, ಅಲೆಕ್ಸ್ ಎಂಬ ಮೂವರು ಅಮೆರಿಕದ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ಹೈಸ್ಕೂಲು ಓದುತ್ತಿದ್ದಾರೆ. ಸ್ಯಾಮ್ ಕೆಂಗೂದಲಿನವಳು, ಬುದ್ಧಿವಂತೆ, ಯೋಜನೆ ಹಾಕುವವಳು. ಹೊಂಬಣ್ಣದ ಕೂದಲಿನ ಕ್ಲೋವರ್‌ಗೆ ಬಟ್ಟೆಬರೆ ಮತ್ತು ಚೆಂದದ ಹುಡುಗರ ಗೀಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೋಟುಗೂದಲಿನ ಅಲೆಕ್ಸ್ ಆಟೋಟದಲ್ಲಿ ಮುಂದು, ಮನಸ್ಸು ಮೃದು, ಆಗಾಗ ಎಡವುತ್ತಾಳೆ. ಇವರನ್ನು ಕೆಲಸಕ್ಕೆ ಹಚ್ಚುವುದು ‘ವೂಪ್’ ಎಂಬ ಗುಪ್ತಸಂಸ್ಥೆ. ಮನುಕುಲವನ್ನು ಕಾಪಾಡುವುದೇ ತನ್ನ ಕೆಲಸ ಎಂದು ಅದು ಹೇಳಿಕೊಳ್ಳುತ್ತದೆ. ಅದರ ಮುಖ್ಯಸ್ಥ ಜೆರ್ರಿ ಬೋಳುತಲೆಯ, ಸೂಟು ತೊಟ್ಟ, ಅಚ್ಚ ಬ್ರಿಟಿಷ್ ಶೈಲಿಯ ಮಾತಿನ ಹಿರಿಯ. ಶಾಲೆಯಲ್ಲಿ ಈ ಮೂವರಿಗೆ ಮ್ಯಾಂಡಿ ಎಂಬ ಸೊಕ್ಕಿನ ಹುಡುಗಿಯ ಕಾಟ ಬೇರೆ.

ಸರಣಿಯನ್ನು ಕಟ್ಟಿದವರು ವಿನ್ಸೆಂಟ್ ಶಾಲ್ವೋ-ದೆಮರ್ಸೆ ಮತ್ತು ಡೇವಿಡ್ ಮಿಶೆಲ್. ತಯಾರಿಸಿದ್ದು ಪ್ಯಾರಿಸ್ಸಿನ ಮ್ಯಾರಥಾನ್ ಎಂಬ ಕಂಪನಿ. ಮೊದಲು ತೆರೆಕಂಡದ್ದು 2001ರ ನವೆಂಬರ್‌ನಲ್ಲಿ, ಅದೂ ಅಮೆರಿಕದಲ್ಲಿ. ಫ್ರಾನ್ಸಿನ ಟಿಎಫ್1 ವಾಹಿನಿಯಲ್ಲಿ ಬಂದದ್ದು 2002ರಲ್ಲಿ. ಸೀಸನ್ನಿಗೆ 26 ಕಂತುಗಳಂತೆ ಆರು ಸೀಸನ್‌ಗಳಲ್ಲಿ 156 ಕಂತುಗಳಾದವು. 2009ರಲ್ಲಿ ಒಂದು ಚಲನಚಿತ್ರವೂ ಬಂತು. 2024ರದ್ದು ಏಳನೆಯ ಸೀಸನ್.

## ಒಂದು ಕಂತಿನ ಒಳಗೆ

ಯಾವುದೇ ಕಂತನ್ನು ತೆರೆದರೂ ಮೊದಲ ದೃಶ್ಯದಲ್ಲಿ ನಾಯಕಿಯರು ಇರುವುದಿಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿ ವಿಚಿತ್ರ ಅನಾಹುತವೊಂದು ನಡೆಯುತ್ತದೆ: ಯಾರೋ ಕಾಣೆಯಾಗುತ್ತಾರೆ, ಯಾರೋ ಇದ್ದಕ್ಕಿದ್ದಂತೆ ಬೇರೆಯೇ ವ್ಯಕ್ತಿಯಂತೆ ವರ್ತಿಸತೊಡಗುತ್ತಾರೆ. ಕಾರಣ ತಿಳಿಯುವ ಮೊದಲೇ ದೃಶ್ಯ ಬೆವರ್ಲಿ ಹಿಲ್ಸ್‌ಗೆ ಹಾರುತ್ತದೆ. ಅಲ್ಲಿ ನಡೆಯುತ್ತಿರುವುದು ತೀರಾ ಸಣ್ಣ ಸಮಸ್ಯೆ. ಶಾಲೆಯ ನೃತ್ಯಕೂಟಕ್ಕೆ ಯಾರ ಜೊತೆ ಹೋಗುವುದು, ಮ್ಯಾಂಡಿಯ ಸವಾಲಿಗೆ ಏನು ಉತ್ತರ, ಗೆಳತಿಯರ ನಡುವಿನ ಮುನಿಸು, ಇಂಥವು.

ಆ ಮಾತು ಅರ್ಧದಲ್ಲಿರುವಾಗಲೇ ನೆಲ ಬಾಯಿಬಿಡುತ್ತದೆ. ಲಾಕರ್ರೋ, ಸೋಫಾವೋ, ಗೋಡೆಯೋ ಈ ಮೂವರನ್ನೂ ನುಂಗಿ, ಉದ್ದನೆಯ ಕೊಳವೆಯೊಂದರಲ್ಲಿ ಜಾರಿಸಿ ಜೆರ್ರಿಯ ಕಚೇರಿಯಲ್ಲಿ ಬೀಳಿಸುತ್ತದೆ. ಪ್ರತಿ ಕಂತಿನಲ್ಲೂ ಇದು ನಡೆಯುತ್ತದೆ, ಪ್ರತಿ ಸಲವೂ ಹೊಸ ಜಾಗದಿಂದ. ಹುಡುಗಿಯರಿಗೆ ಇದು ಗೊತ್ತಿದ್ದರೂ ತಪ್ಪಿಸಿಕೊಳ್ಳಲಾರರು. ಈ ಸಲ ಎಲ್ಲಿಂದ ಬೀಳುತ್ತಾರೆ ಎಂದು ಕಾಯುವುದೇ ನೋಡುವ ಮಕ್ಕಳಿಗೆ ಒಂದು ಆಟ.

ಅಲ್ಲಿ ಜೆರ್ರಿ ಪ್ರಕರಣ ವಿವರಿಸಿ ಉಪಕರಣಗಳನ್ನು ಹಂಚುತ್ತಾನೆ. ಬಳಿಕ ಪಯಣ, ಪತ್ತೆದಾರಿಕೆ, ಸುಳಿವು, ಸೆರೆಸಿಕ್ಕುವುದು, ಉಪಕರಣದ ನೆರವಿನಿಂದ ಪಾರಾಗುವುದು, ಖಳನನ್ನು ಹಿಡಿಯುವುದು. ಕೊನೆಗೆ ಮತ್ತೆ ಶಾಲೆ: ಆರಂಭದ ಸಣ್ಣ ಸಮಸ್ಯೆ ಹೇಗೋ ಬಗೆಹರಿಯುತ್ತದೆ, ಇಲ್ಲವೇ ಮ್ಯಾಂಡಿಗೆ ಮುಖಭಂಗವಾಗುತ್ತದೆ.

ಇಲ್ಲಿ ಎರಡು ಎಳೆಗಳು ಒಟ್ಟಿಗೆ ಸಾಗುತ್ತವೆ. ಒಂದು ಜಗತ್ತಿನ ಉಳಿವು, ಇನ್ನೊಂದು ಶನಿವಾರದ ಪಾರ್ಟಿ. ಸರಣಿ ಎರಡಕ್ಕೂ ಸಮಾನ ತೂಕ ಕೊಡುತ್ತದೆ. ಹಗ್ಗದಲ್ಲಿ ನೇತಾಡುತ್ತಾ, ಕೆಳಗೆ ಮೊಸಳೆಗಳಿದ್ದರೂ ಇವರು ಹುಡುಗನೊಬ್ಬ ಫೋನು ಮಾಡಲಿಲ್ಲವೆಂದು ಚರ್ಚಿಸುತ್ತಿರುತ್ತಾರೆ. ದೊಡ್ಡವರಿಗೆ ಇದು ನಗೆಪಾಟಲು. ಹದಿಮೂರರ ವಯಸ್ಸಿನವರಿಗೆ ಮಾತ್ರ ಎರಡೂ ಸಮಸ್ಯೆಗಳು ನಿಜಕ್ಕೂ ಒಂದೇ ಗಾತ್ರದವು. ಸರಣಿಯನ್ನು ಬರೆದವರು ಆ ವಯಸ್ಸನ್ನು ಚೆನ್ನಾಗಿ ಅರಿತಿದ್ದರು.

ಇಂಥ ಸಿದ್ಧ ಚೌಕಟ್ಟಿನಿಂದ ಇನ್ನೊಂದು ಲಾಭವಿದೆ. ಬಹುತೇಕ ಕಂತುಗಳು ತಮ್ಮಷ್ಟಕ್ಕೆ ಪೂರ್ಣ. ವಾಹಿನಿಗಳು ಯಾವ ಕಂತನ್ನು ಯಾವ ದಿನ ಬೇಕಾದರೂ ಹಾಕಬಹುದು, ಮಗು ನಡುವೆ ನಾಲ್ಕು ವಾರ ತಪ್ಪಿಸಿಕೊಂಡರೂ ಕಥೆ ಕೈತಪ್ಪುವುದಿಲ್ಲ. ಮರುಪ್ರಸಾರದಲ್ಲಿ ವರ್ಷಗಟ್ಟಲೆ ಓಡುವ ಸರಣಿಗೆ ಬೇಕಾದ ಮೊದಲ ಗುಣ ಇದು.

## ಬಣ್ಣ ಮೊದಲು, ಮಾತು ಆಮೇಲೆ

ಸ್ಯಾಮ್ ಎಂದರೆ ಹಸಿರು, ಕ್ಲೋವರ್ ಎಂದರೆ ಕೆಂಪು, ಅಲೆಕ್ಸ್ ಎಂದರೆ ಹಳದಿ. ಮೈಗೆ ಅಂಟಿಕೊಳ್ಳುವ ಒಂದೇ ಬಣ್ಣದ ಉಡುಪು ಅವರ ಸಮವಸ್ತ್ರ. ಗುಟ್ಟಾಗಿ ಕೆಲಸ ಮಾಡಬೇಕಾದ ಗೂಢಚಾರಿಣಿಯರು ಮೈಲಿ ದೂರಕ್ಕೆ ಕಾಣುವ ಬಣ್ಣ ತೊಡುವುದು ತರ್ಕಕ್ಕೆ ನಿಲ್ಲುವುದಿಲ್ಲ, ನಿಜ. ಆದರೆ ಆ ಬಣ್ಣವಿರುವುದು ಖಳನ ಕಣ್ಣಿಗಾಗಿ ಅಲ್ಲ, ನೋಡುಗರ ಕಣ್ಣಿಗಾಗಿ.

ಯಕ್ಷಗಾನದಲ್ಲಿ ವೇಷ ರಂಗಸ್ಥಳಕ್ಕೆ ಬಂದೊಡನೆ, ಬಾಯಿ ತೆರೆಯುವ ಮೊದಲೇ, ಇದು ಪುಂಡುವೇಷವೋ ಬಣ್ಣದ ವೇಷವೋ ಎಂದು ಸಭೆಗೆ ಗೊತ್ತಾಗಿಬಿಡುತ್ತದೆ. ಕಿರೀಟ, ಮುಖವರ್ಣಿಕೆ, ಉಡುಗೆಗಳೇ ಪಾತ್ರದ ಸ್ವಭಾವವನ್ನು ಸಾರುತ್ತವೆ. ‘ಟೋಟಲಿ ಸ್ಪೈಸ್’ನಲ್ಲಿ ಬಣ್ಣ ಮತ್ತು ಕೂದಲು ಮಾಡುವ ಕೆಲಸವೂ ಅದೇ. ಹಳೆಯ ಚಿಕ್ಕ ಟಿವಿಯ ಪರದೆಯಲ್ಲಿ, ವೇಗದ ಹೊಡೆದಾಟದ ನಡುವೆ, ಮುಖ ಬೆರಳುಗುರಿನಷ್ಟೇ ಕಂಡರೂ ಯಾರು ಏಟು ತಿಂದರು, ಯಾರು ಜಿಗಿದರು ಎಂಬುದರಲ್ಲಿ ಗೊಂದಲವಾಗುವುದಿಲ್ಲ. ಅದಕ್ಕೆ ಹೊಂದುವಂತೆ ಮೂವರ ಕೂದಲ ಆಕಾರವೂ ಬೇರೆ ಬೇರೆ: ಒಬ್ಬಳದು ಉದ್ದ, ಒಬ್ಬಳದು ಭುಜದ ಮಟ್ಟಕ್ಕೆ, ಒಬ್ಬಳದು ಇನ್ನೂ ಮೋಟು. ಬಣ್ಣವನ್ನೆಲ್ಲ ಅಳಿಸಿ ಕಪ್ಪು ನೆರಳಾಗಿ ತೋರಿಸಿದರೂ ಗುರುತು ಸಿಗಬೇಕು ಎಂಬುದು ಪಾತ್ರ ರೂಪಿಸುವ ಕಲಾವಿದರ ಹಳೆಯ ಪರೀಕ್ಷೆ. ಈ ಮೂವರೂ ಅದರಲ್ಲಿ ಪಾಸಾಗುತ್ತಾರೆ.

ಇಪ್ಪತ್ತು ವರ್ಷಗಳ ಬಳಿಕ ಇದರ ಫಲ ಬೇರೆಯೇ ರೀತಿಯಲ್ಲಿ ಕಾಣಿಸಿದೆ. ಮೂವರು ಗೆಳತಿಯರು ವೇಷ ಹಾಕಬೇಕೆಂದರೆ ಮೂರು ಬಣ್ಣದ ಉಡುಪು ಹೊಂದಿಸಿಕೊಂಡರೆ ಸಾಕು. ಹೆಸರು ಬರೆದುಕೊಳ್ಳಬೇಕಿಲ್ಲ, ಮುಖವಾಡ ಬೇಕಿಲ್ಲ. ಯಾರು ಕ್ಲೋವರ್ ಎಂಬ ಜಗಳವೊಂದು ಉಳಿಯುತ್ತದೆ, ಅಷ್ಟೆ.

## ಬಟ್ಟೆಗೆ ಖರ್ಚು, ಓಟಕ್ಕೆ ಉಳಿತಾಯ

ಕೈಯಿಂದ ಬರೆದ ಅನಿಮೇಷನ್ನಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಯುರೋಪಿನ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಸರಿಯುತ್ತವೆ. ಒಂದು ಕಂತು 22 ನಿಮಿಷ ಎಂದುಕೊಂಡರೆ 1,320 ಸೆಕೆಂಡು, ಅಂದರೆ 33,000 ಚಿತ್ರ. ಬರೆದ ಒಂದೊಂದು ಚಿತ್ರವನ್ನು ಸತತ ಎರಡು ಸಲ ತೋರಿಸುವುದು ರೂಢಿ. ಹಾಗೆ ಮಾಡಿದರೂ 16,500 ಉಳಿಯುತ್ತವೆ. ಸೀಸನ್ನಿಗೆ 26 ಕಂತು. ಟಿವಿ ಸರಣಿಯೊಂದರ ಹಣದಲ್ಲಿ ಇಷ್ಟನ್ನೂ ಹೊಸದಾಗಿ ಬರೆಯಿಸುವುದು ಆಗದ ಮಾತು.

ಆದ್ದರಿಂದ ಟಿವಿ ಅನಿಮೇಷನ್ ಹಲವು ಉಪಾಯಗಳನ್ನು ಕಂಡುಕೊಂಡಿದೆ. ಮೈ ಅಲುಗದೆ ಬಾಯಿ ಮಾತ್ರ ಅಲುಗುವುದು, ಒಂದೇ ಚಿತ್ರದ ಹಿಂದೆ ಹಿನ್ನೆಲೆಯನ್ನು ಓಡಿಸಿ ಪಾತ್ರವೇ ಹಾರುತ್ತಿರುವಂತೆ ತೋರಿಸುವುದು, ಹಿಂದಿನ ಕಂತಿನ ದೃಶ್ಯವನ್ನು ಮತ್ತೆ ಬಳಸುವುದು. ಸೀಮಿತ ಅನಿಮೇಷನ್ ಎಂದು ಕರೆಯುವುದು ಇದನ್ನೇ. ಜಪಾನಿನ ಅನಿಮೆ ಈ ಇಕ್ಕಟ್ಟನ್ನೇ ಸೌಂದರ್ಯವಾಗಿಸಿಕೊಂಡ ಕಲೆ. ‘ಟೋಟಲಿ ಸ್ಪೈಸ್’ ಅದರಿಂದ ಬಹಳಷ್ಟು ಪಡೆದುಕೊಂಡಿದೆ.

ಅನಿಮೆಯಿಂದ ಬಂದದ್ದು ಏನೇನು? ದೊಡ್ಡ ಕಣ್ಣುಗಳು ಮೊದಲನೆಯದು. ಪೇಚಿಗೆ ಸಿಕ್ಕಾಗ ತಲೆಯ ಪಕ್ಕ ತೂಗುವ ದಪ್ಪ ಬೆವರಹನಿ. ಸಿಟ್ಟು, ಮೋಹ, ಅಚ್ಚರಿ ಮಿತಿಮೀರಿದಾಗ ಪಾತ್ರ ಇದ್ದಕ್ಕಿದ್ದಂತೆ ಕುಬ್ಜ ಗೊಂಬೆಯಾಗುವುದು, ಕಣ್ಣು ಚುಕ್ಕಿಯಾಗುವುದು ಅಥವಾ ಹೃದಯದ ಆಕಾರ ತಳೆಯುವುದು, ಹಿನ್ನೆಲೆಯೆಲ್ಲ ಅಳಿಸಿ ಒಂದೇ ಬಣ್ಣ ತುಂಬುವುದು. ನಗಿಸಲೆಂದೇ ಇವೆಲ್ಲ ಇವೆ, ಜೊತೆಗೆ ಅಗ್ಗವೂ ಹೌದು. ಮುಖದ ಸೂಕ್ಷ್ಮ ಭಾವವನ್ನು ಹತ್ತು ಚಿತ್ರಗಳಲ್ಲಿ ಬದಲಿಸುತ್ತ ಹೋಗುವುದಕ್ಕಿಂತ ನಾಲ್ಕು ಗೆರೆಯ ಗೊಂಬೆಮುಖ ಬೇಗ ಮುಗಿಯುತ್ತದೆ, ನೋಡುವ ಮಗುವಿಗೂ ಬೇಗ ಅರ್ಥವಾಗುತ್ತದೆ.

ಇನ್ನು ಬಟ್ಟೆ. ಕಾರ್ಟೂನ್ ಪಾತ್ರಗಳು ವರ್ಷಾನುಗಟ್ಟಲೆ ಒಂದೇ ಅಂಗಿಯಲ್ಲಿ ಇರುವುದನ್ನು ಎಲ್ಲರೂ ಕಂಡಿದ್ದೇವೆ. ಅದಕ್ಕೆ ಕಾರಣವಿದೆ. ಹೊಸ ಉಡುಪು ಎಂದರೆ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ ಎಂಬ ಮಾದರಿ ಹಾಳೆಯನ್ನು ಹೊಸದಾಗಿ ಬರೆಯಬೇಕು, ಬಣ್ಣ ಗೊತ್ತುಮಾಡಬೇಕು, ಚಿತ್ರ ಬರೆಯುವ ಪ್ರತಿಯೊಬ್ಬರಿಗೂ ಅದನ್ನು ತಲುಪಿಸಬೇಕು. ‘ಟೋಟಲಿ ಸ್ಪೈಸ್’ ಈ ರೂಢಿಯನ್ನು ಮುರಿಯಿತು. ಶಾಲೆಯಲ್ಲಿ, ಮಾಲ್‌ನಲ್ಲಿ, ಕಡಲತೀರದಲ್ಲಿ, ಪಾರ್ಟಿಯಲ್ಲಿ ಹುಡುಗಿಯರು ಬೇರೆ ಬೇರೆ ಬಟ್ಟೆ ತೊಡುತ್ತಾರೆ. ಫ್ಯಾಷನ್ ಬಗ್ಗೆ ಸದಾ ಮಾತಾಡುವ ಕ್ಲೋವರ್ 26 ಕಂತೂ ಒಂದೇ ಅಂಗಿಯಲ್ಲಿ ಕಳೆದರೆ ಯಾರು ನಂಬುತ್ತಾರೆ?

ಈ ಖರ್ಚನ್ನು ತೂಗಿಸುವುದು ಸಮವಸ್ತ್ರ. ಮಡಿಕೆಯಿಲ್ಲದ, ಜೇಬಿಲ್ಲದ, ವಿನ್ಯಾಸವಿಲ್ಲದ ಒಂದೇ ಬಣ್ಣದ ಉಡುಪನ್ನು ಎಷ್ಟು ತಿರುಗಿಸಿ ಮುರುಗಿಸಿ ಬರೆದರೂ ಗೆರೆ ತಪ್ಪುವುದಿಲ್ಲ. ಓಟ, ಜಿಗಿತ, ಒದೆತಗಳಿರುವ ಕಷ್ಟದ ದೃಶ್ಯಗಳಲ್ಲೆಲ್ಲ ಅದೇ ಉಡುಪು. ನಿಂತು ಮಾತಾಡುವ ಸುಲಭ ದೃಶ್ಯಗಳಲ್ಲಿ ಹೊಸ ಬಟ್ಟೆ. ಸರಣಿಯನ್ನು ಗಮನವಿಟ್ಟು ನೋಡಿದರೆ ಈ ಕೊಡುಕೊಳ್ಳುವಿಕೆ ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಮೆಚ್ಚದಿರುವುದು ಕಷ್ಟ.

ಇಂಥ ಸರಣಿಗಳ ವಿನ್ಯಾಸ, ಸ್ಟೋರಿಬೋರ್ಡ್‌ಗಳು ಒಂದು ದೇಶದಲ್ಲಿ ಸಿದ್ಧವಾಗಿ, ಸಾವಿರಾರು ಚಿತ್ರಗಳನ್ನು ಬರೆಯುವ ದುಡಿಮೆ ಏಷ್ಯಾದ ಸ್ಟುಡಿಯೊಗಳಿಗೆ ಬರುವುದು ದಶಕಗಳ ವಾಡಿಕೆ. ಸ್ಟೋರಿಬೋರ್ಡ್ ಎಂದರೆ ಇಡೀ ಕಂತನ್ನು ದೃಶ್ಯದಿಂದ ದೃಶ್ಯಕ್ಕೆ ಚೌಕಗಳಲ್ಲಿ ಬರೆದಿಟ್ಟ ನಕ್ಷೆ. ಹೊರದೇಶಗಳ ಸರಣಿಗಳಿಗೆ ದುಡಿಯುವ ಸ್ಟುಡಿಯೊಗಳು ಬೆಂಗಳೂರಿನಲ್ಲೂ ಇವೆ. ದೂರದ ಊರಿನ ಕಲಾವಿದನೊಬ್ಬ ಮಾದರಿ ಹಾಳೆಯನ್ನು ನೋಡಿ ತಪ್ಪಿಲ್ಲದೆ ಬರೆಯಬೇಕಾದರೆ ಪಾತ್ರ ಸರಳವಾಗಿರಬೇಕು. ಈ ಸರಳತೆಗೆ ಅದೂ ಒಂದು ಕಾರಣ.

## ಪ್ಯಾರಿಸ್ಸಿನವರು ಬೆವರ್ಲಿ ಹಿಲ್ಸ್ ಕಥೆ ಹೇಳಿದ್ದೇಕೆ?

ಸರಣಿಯನ್ನು ನೋಡಿ ಬೆಳೆದ ಎಷ್ಟೋ ಮಂದಿಗೆ ಇದು ಫ್ರೆಂಚರದ್ದು ಎಂಬುದೇ ಗೊತ್ತಿರಲಿಲ್ಲ. ಗೊತ್ತಾಗದಂತೆಯೇ ಅದನ್ನು ಮಾಡಲಾಗಿತ್ತು.

ಫ್ರಾನ್ಸಿನ ಕಾನೂನಿನ ಪ್ರಕಾರ ಅಲ್ಲಿನ ವಾಹಿನಿಗಳು ತೋರಿಸುವ ಕಥಾಕೃತಿಗಳಲ್ಲಿ ಕನಿಷ್ಠ 60 ಶೇಕಡ ಯುರೋಪಿನವು, 40 ಶೇಕಡ ಮೂಲತಃ ಫ್ರೆಂಚ್ ಭಾಷೆಯವು ಆಗಿರಬೇಕು. ಸ್ವದೇಶಿ ನಿರ್ಮಾಣಕ್ಕೆ ವಾಹಿನಿಗಳು ಹಣವನ್ನೂ ಹಾಕಬೇಕು. ಸರ್ಕಾರದ ಸಿನಿಮಾ ಸಂಸ್ಥೆಯೂ ನೆರವು ಕೊಡುತ್ತದೆ. ಹೀಗಾಗಿ ಅಲ್ಲಿ ಅನಿಮೇಷನ್ ಒಂದು ಗಟ್ಟಿ ಉದ್ಯಮವಾಗಿ ಬೆಳೆದಿದೆ. ಆದರೆ ಒಂದೇ ದೇಶದ ಹಣದಲ್ಲಿ 26 ಕಂತುಗಳ ಸರಣಿಯ ಖರ್ಚು ತೂಗುವುದಿಲ್ಲ. ಹೊರದೇಶದ ವಾಹಿನಿಗಳು ಮೊದಲೇ ಕೊಳ್ಳಲು ಒಪ್ಪಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅಮೆರಿಕದ ಮಾರುಕಟ್ಟೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡದು.

ಕ್ಯಾಲಿಫೋರ್ನಿಯಾದ ಶಾಲೆ, ಲಾಕರ್‌ಗಳ ಸಾಲು, ಚಿಯರ್‌ಲೀಡರ್‌ಗಳು, ಈಜುಕೊಳ, ಶಾಪಿಂಗ್ ಮಾಲ್ ಇವೆಲ್ಲ ಅಮೆರಿಕದವರಿಗೆ ತಮ್ಮವು. ಉಳಿದ ಜಗತ್ತಿಗೂ ಸಿನಿಮಾ, ಧಾರಾವಾಹಿಗಳಿಂದ ಆಗಲೇ ಪರಿಚಿತವಾಗಿದ್ದವು. ಮಾತುಗಳನ್ನು ಇಂಗ್ಲಿಷಿನಲ್ಲಿ ದಾಖಲಿಸಿ ನಂತರ ಬೇರೆ ಬೇರೆ ಭಾಷೆಗಳಿಗೆ ಡಬ್ ಮಾಡಿದರು. ಬಾಯಿಯ ಚಲನೆ ನಾಲ್ಕಾರು ಆಕಾರಗಳಲ್ಲೇ ಮುಗಿಯುವುದರಿಂದ ಯಾವ ಭಾಷೆಯ ಮಾತನ್ನು ಕೂರಿಸಿದರೂ ತೀರಾ ಅಸಂಬದ್ಧವಾಗಿ ಕಾಣುವುದಿಲ್ಲ. ಸೀಮಿತ ಅನಿಮೇಷನ್ನಿನಿಂದ ಸಿಕ್ಕ ಇನ್ನೊಂದು ಉಪಕಾರ ಇದು.

ಆದರೂ ಇದು ಅಮೆರಿಕವಲ್ಲ. ಫ್ರೆಂಚರ ಕಲ್ಪನೆಯ ಅಮೆರಿಕ. ಇಲ್ಲಿ ಬಿಸಿಲು ಎಂದೂ ಮಾಸುವುದಿಲ್ಲ, ರಸ್ತೆಯಲ್ಲಿ ಕಸವಿಲ್ಲ, ಬೇಡದ ಒಂದು ಗೆರೆಯೂ ಇಲ್ಲ. ಮನೆಗಳು ಗಾಜಿನವು, ಚಪ್ಪಟೆ ಚಾವಣಿಯವು. ಬಣ್ಣಗಳು ಸಿಹಿ ಅಂಗಡಿಯವು. ವಾಸ್ತವದ ಊರನ್ನು ಬರೆದಿದ್ದರೆ ಅದು ಈ ಹೊತ್ತಿಗೆ ಹಳೆಯ ಊರಾಗಿ ಕಾಣುತ್ತಿತ್ತು. ಇರದ ಊರಿಗೆ ವಯಸ್ಸಾಗುವುದಿಲ್ಲ.

ಜಪಾನೀ ಶೈಲಿ ಫ್ರೆಂಚ್ ಕೈಗಳಿಗೆ ಹತ್ತಿದ್ದರ ಹಿಂದೆಯೂ ಒಂದು ಇತಿಹಾಸವಿದೆ. 1978ರಲ್ಲಿ ‘ಗೋಲ್ಡೊರಾಕ್’ ಎಂಬ ಹೆಸರಿನಲ್ಲಿ ಜಪಾನಿನ ದೈತ್ಯ ರೋಬೋಟಿನ ಸರಣಿಯೊಂದು ಫ್ರೆಂಚ್ ಟಿವಿಗೆ ಬಂದು ಮಕ್ಕಳನ್ನು ಹುಚ್ಚೆಬ್ಬಿಸಿತು. 1987ರಿಂದ 1997ರವರೆಗೆ ಟಿಎಫ್1ನಲ್ಲಿ ನಡೆದ ‘ಕ್ಲಬ್ ಡೊರೊತೆ’ ಎಂಬ ಮಕ್ಕಳ ಕಾರ್ಯಕ್ರಮ ಅನಿಮೆಯನ್ನು ಮನೆಮಾತಾಗಿಸಿತು. ಇದನ್ನು ನೋಡುತ್ತ ಬೆಳೆದ ಪೀಳಿಗೆ 2000ದ ಹೊತ್ತಿಗೆ ಅನಿಮೇಷನ್ ಸ್ಟುಡಿಯೊಗಳಲ್ಲಿ ಕೆಲಸಕ್ಕೆ ಕೂತಿತ್ತು. ಬೆವರಹನಿ, ಗೊಂಬೆಮುಖಗಳು ಅವರಿಗೆ ಬಾಲ್ಯದ ಭಾಷೆಯೇ ಆಗಿದ್ದವು.

ಮ್ಯಾರಥಾನ್ ಕಂಪನಿಯ ಹಿನ್ನೆಲೆಯೂ ಸ್ವಾರಸ್ಯಕರ. ದಕ್ಷಿಣ ಫ್ರಾನ್ಸಿನ ಸೇಂಟ್ ಟ್ರೋಪೆ ಎಂಬ ಕಡಲೂರಿನಲ್ಲಿ ಮೂವರು ಗೆಳತಿಯರ ಬದುಕನ್ನು ಹೇಳುವ ಧಾರಾವಾಹಿಯೊಂದನ್ನು ಅದು 1996ರಿಂದಲೇ ಟಿಎಫ್1ಗೆ ತಯಾರಿಸುತ್ತಿತ್ತು. ಬಿಸಿಲು, ಕಡಲು, ಸಿರಿವಂತಿಕೆ, ಮೂವರು ಗೆಳತಿಯರು: ಸಾಮಗ್ರಿ ಆಗಲೇ ಮನೆಯಲ್ಲಿತ್ತು. ಒಂದರಿಂದಲೇ ಇನ್ನೊಂದು ಹುಟ್ಟಿತು ಎಂದು ಹೇಳುತ್ತಿಲ್ಲ. ಆದರೆ ಇಂಥ ಲೋಕವನ್ನು ಕಟ್ಟುವುದು ಆ ಕಂಪನಿಗೆ ಹೊಸದೇನೂ ಆಗಿರಲಿಲ್ಲ. ಹುಡುಗಿಯರ ಪಾಪ್ ತಂಡಗಳು ಯುರೋಪಿನ ಮಕ್ಕಳ ಕೋಣೆಗೋಡೆಗಳನ್ನೆಲ್ಲ ಆವರಿಸಿದ್ದ ಕಾಲವೂ ಅದೇ. ಆ ತಂಡಗಳಲ್ಲೂ ಪ್ರತಿಯೊಬ್ಬಳಿಗೂ ಒಂದು ಸ್ವಭಾವ, ಒಂದು ಬಗೆಯ ಉಡುಪು ನಿಗದಿಯಾಗಿರುತ್ತಿತ್ತು.

## ಮೇಕಪ್ ಪೆಟ್ಟಿಗೆಯ ಶಸ್ತ್ರಗಳು

ಗೂಢಚಾರರ ಕಥೆಗಳಲ್ಲಿ ಉಪಕರಣಗಳಿಗೆ ದೊಡ್ಡ ಪಾತ್ರ. ಜೇಮ್ಸ್ ಬಾಂಡ್‌ನ ಗಡಿಯಾರ, ಪೆನ್ನು, ಕಾರುಗಳು ಗಂಡಸಿನ ಜೇಬಿನಲ್ಲಿ, ಮನೆಯಂಗಳದಲ್ಲಿ ಸಹಜವಾಗಿ ಇರುವ ವಸ್ತುಗಳ ಮಾರುವೇಷ. ‘ಟೋಟಲಿ ಸ್ಪೈಸ್’ ಇದೇ ಸೂತ್ರವನ್ನು ಹದಿಹರೆಯದ ಹುಡುಗಿಯ ಕೈಚೀಲಕ್ಕೆ ಅನ್ವಯಿಸಿತು. ಲಿಪ್‌ಸ್ಟಿಕ್‌ನಿಂದ ಲೇಸರ್ ಹೊಮ್ಮುತ್ತದೆ, ಕೂದಲು ಒಣಗಿಸುವ ಯಂತ್ರ ಸುಂಟರಗಾಳಿ ಎಬ್ಬಿಸುತ್ತದೆ, ಸೊಂಟದ ಬೆಲ್ಟು ಹಗ್ಗವಾಗುತ್ತದೆ, ಬೆನ್ನಿನ ಚೀಲ ಹಾರಿಸಿಕೊಂಡು ಹೋಗುತ್ತದೆ. ಪೌಡರ್ ಡಬ್ಬಿಯ ರೂಪದಲ್ಲಿರುವ ‘ಕಾಂಪೌಡರ್’ ಮುಚ್ಚಳ ತೆರೆದರೆ ಜೆರ್ರಿಯ ಮುಖ ಕಾಣುವ ಸಂಪರ್ಕ ಸಾಧನ.

ಇದು ಬರೀ ತಮಾಷೆಯಲ್ಲ. ಅದಕ್ಕೂ ಹಿಂದಿನ ಸಾಹಸಕಥೆಗಳಲ್ಲಿ ಹೋರಾಡುವ ಹುಡುಗಿ ಎಂದರೆ ಸಾಮಾನ್ಯವಾಗಿ ಅಲಂಕಾರವನ್ನು ತೊರೆದವಳು, ಗಂಡುಹುಡುಗರಂತೆ ವರ್ತಿಸುವವಳು. ಸಿಂಗಾರ ಇಷ್ಟಪಡುವವಳು ಒಂದೋ ಹಾಸ್ಯಪಾತ್ರ, ಇಲ್ಲವೇ ಕಾಪಾಡಿಸಿಕೊಳ್ಳುವವಳು. ಕ್ಲೋವರ್ ಈ ಎರಡೂ ಖಾನೆಗೆ ಸೇರುವುದಿಲ್ಲ. ಉಗುರು ಮುರಿಯಿತೆಂದು ಗೋಳಾಡುತ್ತಲೇ ಮೂವರನ್ನು ನೆಲಕ್ಕೆ ಕೆಡವುತ್ತಾಳೆ. ಗೋಳಾಟವನ್ನು ಬಿಟ್ಟರೆ ಮಾತ್ರ ಹೊಡೆದಾಟಕ್ಕೆ ಅರ್ಹತೆ ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಇವರನ್ನು ಪಾರು ಮಾಡಲು ಹುಡುಗನೊಬ್ಬ ಬರಬೇಕಾಗಿಯೂ ಇಲ್ಲ. ಒಬ್ಬಳು ಸಿಕ್ಕಿಬಿದ್ದರೆ ಉಳಿದಿಬ್ಬರು ಬರುತ್ತಾರೆ.

2002ರ ಜೂನ್‌ನಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆ ಆರಂಭಿಸಿದ ‘ಕಿಮ್ ಪಾಸಿಬಲ್’ ಕೂಡ ಶಾಲೆಗೆ ಹೋಗುವ ಹುಡುಗಿ ಜಗತ್ತನ್ನು ಕಾಪಾಡುವ ಕಥೆಯೇ. ಅಲ್ಲಿನ ಮಾತುಗಳು ಹೆಚ್ಚು ಚುರುಕು, ಖಳರು ಹೆಚ್ಚು ಸ್ವಾರಸ್ಯ. ಆದರೆ ಅಲ್ಲಿ ನಾಯಕಿ ಒಬ್ಬಳೇ. ಇಲ್ಲಿ ಮೂವರು. ಆದ್ದರಿಂದ ಪ್ರತಿ ಗೆಳೆತನದ ಗುಂಪಿನಲ್ಲೂ ‘ನಾನು ಯಾರು, ನೀನು ಯಾರು’ ಎಂದು ಪಾತ್ರ ಹಂಚಿಕೊಂಡು ಆಡುವುದಕ್ಕೆ ಅವಕಾಶವಾಯಿತು. ಮಕ್ಕಳ ಸರಣಿಯೊಂದು ಟಿವಿ ಆರಿದ ಮೇಲೂ ಬದುಕುವುದು ಇಂಥ ಆಟಗಳಲ್ಲಿ.

## ಖಳರಿಗೆ ಬೇಕಾದದ್ದು ಹಣವಲ್ಲ

ಇಲ್ಲಿನ ಬಹಳಷ್ಟು ಖಳರು ಅವಮಾನ ಉಂಡವರು. ಹೆಸರು ಕಳೆದುಕೊಂಡ ಕಲಾವಿದರು, ಮೂಲೆಗುಂಪಾದ ವಸ್ತ್ರವಿನ್ಯಾಸಕರು, ಶಾಲೆಯಲ್ಲಿ ಹಂಗಿಸಲ್ಪಟ್ಟವರು. ಅವರ ಸೇಡಿನ ವಿಧಾನವೂ ಗ್ರಾಹಕಲೋಕದ್ದೇ: ಮರುಳುಮಾಡುವ ತಿನಿಸು, ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಸೌಂದರ್ಯವರ್ಧಕ, ಎಲ್ಲರನ್ನೂ ಒಂದೇ ತೆರನಾಗಿಸುವ ಫ್ಯಾಷನ್. 2009ರ ಚಲನಚಿತ್ರದ ಖಳ ಫಾಬು ಕೂಡ ಫ್ಯಾಷನ್ ಲೋಕದವನೇ. ಫ್ರೆಂಚ್ ಆವೃತ್ತಿಯಲ್ಲಿ ಅವನಿಗೆ ದನಿ ಕೊಟ್ಟವರು ಸಾಕ್ಷಾತ್ ಕಾರ್ಲ್ ಲ್ಯಾಗರ್‌ಫೆಲ್ಡ್. ಷನೆಲ್‌ನಂಥ ಸಂಸ್ಥೆಯ ವಿನ್ಯಾಸವನ್ನು ದಶಕಗಳ ಕಾಲ ನಡೆಸಿದ ವ್ಯಕ್ತಿ ತನ್ನ ವೃತ್ತಿಯನ್ನೇ ಅಣಕಿಸುವ ಕಾರ್ಟೂನಿಗೆ ದನಿಯಾಗಲು ಒಪ್ಪಿದರು ಎಂಬುದರಿಂದ ಫ್ರಾನ್ಸಿನಲ್ಲಿ ಸರಣಿಗಿದ್ದ ಸ್ಥಾನವನ್ನು ಊಹಿಸಬಹುದು.

## ಒಪ್ಪಲಾಗದ ಸಂಗತಿಗಳು

ಫ್ಯಾಷನ್ನನ್ನು ಅಣಕಿಸುವ ಸರಣಿ ಅದರ ಹಿಡಿತದಿಂದ ತಾನು ಪಾರಾಗಿಲ್ಲ. ಮೂವರ ಮೈಕಟ್ಟೂ ಹೆಚ್ಚುಕಡಿಮೆ ಒಂದೇ: ಅದೇ ಸಣಕಲು ಸೊಂಟ, ಅದೇ ನೀಳ ಕಾಲು. ಒಂದೇ ಆಕಾರಕ್ಕೆ ಬೇರೆ ಕೂದಲು, ಬೇರೆ ಬಣ್ಣ ಹಚ್ಚಿದಂತಿದೆ. ಬರೆಯುವವರಿಗೆ ಇದರಿಂದ ಕೆಲಸ ಹಗುರವಾಗುತ್ತದೆ ಎಂಬುದು ಸರಿಯೇ. ನೋಡುವ ಹುಡುಗಿಯರಿಗೆ ಇದು ಏನು ಹೇಳುತ್ತದೆ ಎಂಬ ಪ್ರಶ್ನೆ ಅದರಿಂದ ಇಲ್ಲವಾಗುವುದಿಲ್ಲ. ಎರಡನೆಯ ಸೀಸನ್ನಿನ ಒಂದು ಕಂತಿನಲ್ಲಿ ಬಿಡಲಾಗದ ಬಿಸ್ಕತ್ತು ತಿಂದು ಕ್ಲೋವರ್ ದಪ್ಪಗಾಗುತ್ತಾಳೆ, ಅದನ್ನೇ ನಗೆಗೆ ವಸ್ತುವಾಗಿಸಲಾಗಿದೆ. ಇಂದು ಅದನ್ನು ನೋಡುವಾಗ ನಗು ಬರುವುದಿಲ್ಲ. ದೂರದ ದೇಶಗಳಿಗೆ ಹೋದಾಗ ಅಲ್ಲಿನ ಜನರನ್ನು ತೋರಿಸುವ ರೀತಿಯೂ ಪ್ರವಾಸಿ ಪೋಸ್ಟ್‌ಕಾರ್ಡಿನ ಮಟ್ಟದಲ್ಲೇ ನಿಲ್ಲುತ್ತದೆ. ಹಣದ ಚಿಂತೆ ಎಂಬುದು ಈ ಮೂವರಿಗೆ ಗೊತ್ತೇ ಇಲ್ಲ. ಚಿಕ್ಕ ಮಕ್ಕಳ ಜೊತೆ ಕುಳಿತು ನೋಡುವ ಹಿರಿಯರು ಇದನ್ನೆಲ್ಲ ಮಾತಿಗೆ ಎತ್ತಿಕೊಂಡರೆ ತಪ್ಪಿಲ್ಲ.

## ಮತ್ತೆ ಬಂದದ್ದು, ಬದಲಾದದ್ದು

ಸರಣಿ ಉಳಿದು ಬಂದದ್ದಕ್ಕೆ ಒಂದಷ್ಟು ಕಾರಣ ಹೊರಗಿನದು. 2000ದ ಆಸುಪಾಸಿನ ಉಡುಗೆತೊಡುಗೆ, ಅಂದರೆ ಸೊಂಟದ ಕೆಳಗಿನ ಪ್ಯಾಂಟು, ಗಿಡ್ಡ ಮೇಲಂಗಿ, ಹೊಳೆಯುವ ಬಟ್ಟೆ, ಪುಟ್ಟ ಕೈಚೀಲ ಇವೆಲ್ಲ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಚಾಲ್ತಿಗೆ ಬಂದಿವೆ. ಆ ಕಾಲ ಹೇಗಿತ್ತು ಎಂದು ಹುಡುಕುವ ಹೊಸ ಪೀಳಿಗೆಗೆ ಕ್ಲೋವರ್‌ಳ ಕಪಾಟು ಸಿದ್ಧ ಸಂಗ್ರಹಾಲಯದಂತೆ ಒದಗಿತು. ಬಟ್ಟೆಗೆ ಅಂದು ಮಾಡಿದ ಖರ್ಚು ಇಂದು ಬಡ್ಡಿಸಮೇತ ವಾಪಸಾಗಿದೆ ಎನ್ನಬಹುದು.

ಇನ್ನೊಂದು ಕಾರಣ ಆ ಸರಣಿಯಿಂದ ಹೊರಬಂದ ಕೈಗಳು. ಇದರ ಸ್ಟೋರಿಬೋರ್ಡ್ ವಿಭಾಗದಲ್ಲಿ ಕೆಲಸ ಮಾಡಿದವರಲ್ಲಿ ಥಾಮಸ್ ಆಸ್ಟ್ರುಕ್ ಒಬ್ಬರು. ಪ್ಯಾರಿಸ್ಸಿನ ಶಾಲಾ ಹುಡುಗಿಯೊಬ್ಬಳು ಕೆಂಪು ಚುಕ್ಕಿಯುಡುಪು ತೊಟ್ಟು ಊರನ್ನು ಕಾಪಾಡುವ ‘ಮಿರಾಕ್ಯುಲಸ್’ ಸರಣಿಯನ್ನು ಅವರು 2015ರಲ್ಲಿ ತೆರೆಗೆ ತಂದರು. ಅಲ್ಲಿ ಕಥೆ ಪ್ಯಾರಿಸ್ಸಿನಲ್ಲೇ ನಡೆಯುತ್ತದೆ, ಐಫೆಲ್ ಗೋಪುರ ಪದೇ ಪದೇ ಕಾಣಿಸುತ್ತದೆ, ಆದರೂ ಜಗತ್ತಿನಾದ್ಯಂತ ಅದು ಗೆದ್ದಿತು. 2001ರಲ್ಲಿ ಅಮೆರಿಕದ ವೇಷ ಹಾಕಬೇಕಾಗಿದ್ದ ಫ್ರೆಂಚ್ ಅನಿಮೇಷನ್‌ಗೆ ಹದಿನಾಲ್ಕು ವರ್ಷಗಳಲ್ಲಿ ಆ ವೇಷ ಬೇಡವಾಗಿತ್ತು.

ಮ್ಯಾರಥಾನ್ ಕಂಪನಿ ಹಲವು ವಿಲೀನಗಳ ನಂತರ ಬಾನಿಜೆ ಎಂಬ ದೊಡ್ಡ ಸಮೂಹದೊಳಗೆ ಸೇರಿಹೋಗಿದೆ. 2024ರ ಸೀಸನ್ನನ್ನು ತಂದದ್ದು ಆ ಸಮೂಹವೇ. ಐದನೆಯ ಸೀಸನ್ನಿನಲ್ಲಿ ಹೈಸ್ಕೂಲು ಮುಗಿಸಿ ಮಾಲಿಬುವಿನ ಕಾಲೇಜಿಗೆ ಸೇರಿದ್ದ ಹುಡುಗಿಯರು ಈಗ ಸಿಂಗಪುರಕ್ಕೆ ಬಂದಿದ್ದಾರೆ. ಉಡುಪಿನ ವಿನ್ಯಾಸ ಹೊಸದು, ಮೂರು ಬಣ್ಣಗಳು ಮಾತ್ರ ಹಾಗೆಯೇ ಇವೆ. ಅವನ್ನು ಬದಲಿಸಿದ್ದರೆ ಪರದೆಯ ಮೇಲೆ ಬೇರೆ ಯಾರೋ ಮೂವರು ಇರುತ್ತಿದ್ದರು.

ಬರೆಯುವವರಿಗೆ ಈ ಸಲ ಎದುರಾದ ತೊಡಕು ಬೇರೆ. ಮುಖ ನೋಡಿ ಮಾತಾಡುವ ಪೌಡರ್ ಡಬ್ಬಿ 2001ರಲ್ಲಿ ಕನಸಿನ ವಸ್ತು. ಇಂದು ಅದನ್ನೂ ಮೀರಿಸುವ ಫೋನು ಪ್ರತಿ ಜೇಬಿನಲ್ಲಿದೆ. ವಿಡಿಯೊ ಕರೆ ಯಾರನ್ನೂ ಬೆರಗುಗೊಳಿಸುವುದಿಲ್ಲ. ಹಾಗಾಗಿ ಉಪಕರಣದ ಬೆರಗಿಗಿಂತ ಅದರ ವೇಷದ ಬೆರಗನ್ನೇ ಸರಣಿ ಹೆಚ್ಚು ನೆಚ್ಚಿಕೊಳ್ಳಬೇಕಾಗಿದೆ.

ಹೊಸದಾಗಿ ನೋಡುವವರು ಮೊದಲ ಕಂತಿನಿಂದಲೇ ಶುರುಮಾಡಬೇಕೆಂಬ ನಿಯಮವೇನಿಲ್ಲ. ಮೂವರೂ ಮೊದಲು ಭೇಟಿಯಾದದ್ದು ಹೇಗೆ ಎಂದು ತಿಳಿಯಬೇಕಾದರೆ 2009ರ ಚಲನಚಿತ್ರ ನೋಡಬಹುದು. ಅದು ಸರಣಿಗೂ ಹಿಂದಿನ ಕಥೆ. ಕೆಲವು ಸೀಸನ್‌ಗಳ ಕೊನೆಯಲ್ಲಿ ಎರಡು ಮೂರು ಕಂತುಗಳ ಉದ್ದಕ್ಕೆ ಸಾಗುವ ಕಥೆಗಳಿವೆ, ಅವನ್ನು ಮಾತ್ರ ಕ್ರಮವಾಗಿ ನೋಡುವುದು ಒಳ್ಳೆಯದು. ಉಳಿದಂತೆ ಯಾವ ಕಂತನ್ನು ತೆರೆದರೂ ಐದು ನಿಮಿಷದೊಳಗೆ ನೆಲ ಬಾಯಿಬಿಡುತ್ತದೆ, ಮುಂದಿನದ್ದನ್ನು ಜೆರ್ರಿ ವಿವರಿಸುತ್ತಾನೆ.